ಈ ಪ್ರತಿಕಾಯ ಯಾರದು? ರೋಗನಿರೋಧಕ ಶಕ್ತಿ ಇಲ್ಲದ ಇಲಿಗಳ ಸೀರಂ ಓದುವ ಬಗೆ

ದಾವಣಗೆರೆಯಲ್ಲಿ ವೈದ್ಯಕೀಯ, ಫಾರ್ಮಸಿ, ಜೀವವಿಜ್ಞಾನ ವಿದ್ಯಾರ್ಥಿಗಳು, ಅಧ್ಯಾಪಕರು ಮತ್ತು ಆಸಕ್ತ ಸಾರ್ವಜನಿಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ

ಎಲ್ಲರಿಗೂ ನಮಸ್ಕಾರ. ಇಲಿಯ ರಕ್ತದಲ್ಲಿ, ಅಂದರೆ ಅದರ ತಿಳಿ ಭಾಗವಾದ ಸೀರಂನಲ್ಲಿ, ಪ್ರತಿಕಾಯ (ಹೊರಗಿನ ವಸ್ತುವನ್ನು ಗುರುತಿಸಿ ಹಿಡಿಯುವ ಪ್ರೋಟೀನ್) ಇದೆಯೋ ಇಲ್ಲವೋ ನೋಡುವುದು ದೊಡ್ಡ ವಿದ್ಯೆಯೇನಲ್ಲ. ಪ್ರತಿಕಾಯವನ್ನು ಬಣ್ಣದಿಂದ ಅಳೆಯುವ ಎಲೈಸಾ ಪರೀಕ್ಷೆಯ 96 ಗುಳಿಗಳ ಪ್ಲೇಟು, ಎರಡು ದಿನದ ಸಮಯ, ಒಂದು ರೀಡರ್ ಇದ್ದರೆ ಎಂಎಸ್ಸಿ ವಿದ್ಯಾರ್ಥಿಯೂ ಮಾಡಿಯಾನು. ಕಷ್ಟ ಇರುವುದು ಸಿಕ್ಕ ಪ್ರತಿಕಾಯ ಯಾರದು ಎಂದು ಹೇಳುವುದರಲ್ಲಿ. ಆ ಇಲಿ ತಾನೇ ಹೊಸದಾಗಿ ತಯಾರಿಸಿದ್ದೇ, ತಾಯಿಯಿಂದ ಬಂದದ್ದೇ, ನಾವು ಚುಚ್ಚಿದ ಜೀವಕೋಶಗಳ ಹಳೆಯ ನೆನಪೇ? ಮಾಮೂಲಿ ಇಲಿಯಲ್ಲಿ ಈ ಪ್ರಶ್ನೆಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಜೀನ್ ಬದಲಿಸಿ ರೋಗನಿರೋಧಕ ಶಕ್ತಿಯನ್ನೇ ತೆಗೆದ ಇಲಿಯಲ್ಲಿ ಮಾತ್ರ ಇದನ್ನೇ ಮೊದಲು ಕೇಳಬೇಕು. ಇವತ್ತಿನ ಮಾತೆಲ್ಲ ಇದರ ಸುತ್ತಲೇ.

ಪ್ರತಿಕಾಯ ತಯಾರಿಸುವ ಬಿ ಜೀವಕೋಶ ಅದರ ಜೀನನ್ನು ಇಡಿಯಾಗಿ ಅಪ್ಪ ಅಮ್ಮನಿಂದ ಪಡೆಯುವುದಿಲ್ಲ. ವಿ, ಡಿ, ಜೆ ಎಂಬ ತುಂಡುಗಳ ರೂಪದಲ್ಲಿ ಪಡೆಯುತ್ತದೆ. ಮೂಳೆಮಜ್ಜೆಯಲ್ಲಿ ಬೆಳೆಯುವಾಗ ಒಂದೊಂದು ಕೋಶವೂ ಕೆಲವು ತುಂಡುಗಳನ್ನು ಕತ್ತರಿಸಿ ತನ್ನದೇ ರೀತಿಯಲ್ಲಿ ಜೋಡಿಸಿಕೊಳ್ಳುತ್ತದೆ. ಪ್ರತಿಕಾಯಗಳ ಈ ವೈವಿಧ್ಯದ ಮೂಲವನ್ನು ತೋರಿಸಿದ ಸುಸುಮು ತೊನೆಗಾವಾ ಅವರಿಗೆ 1987ರಲ್ಲಿ ನೊಬೆಲ್ ಬಂತು. ಕತ್ತರಿಸುವ ಕೆಲಸ ರ್ಯಾಗ್-1, ರ್ಯಾಗ್-2 ಪ್ರೋಟೀನ್‌ಗಳದ್ದು. ಜೋಡಿಸುವಾಗ ಪಿಆರ್‌ಕೆಡಿಸಿ ಎಂಬ ಜೀನಿನಿಂದ ಬರುವ ಕೈನೇಸ್ ಬೇಕು. ದರ್ಜಿ ಅಂಗಡಿಯಲ್ಲಿ ಕತ್ತರಿ ಹಿಡಿಯುವವರೊಬ್ಬರು, ಮಿಷನ್ ತುಳಿಯುವವರೊಬ್ಬರು ಇದ್ದಂತೆ ಇದು. ಕತ್ತರಿಯವರು ಬರದಿದ್ದರೆ ಬಟ್ಟೆ ಇಡಿಯಾಗಿಯೇ ಉಳಿಯುತ್ತದೆ, ಒಂದು ಅಂಗಿಯೂ ಆಗುವುದಿಲ್ಲ. ಮಿಷನ್‌ನವರು ಬರದಿದ್ದರೆ ಕತ್ತರಿಸಿದ ತುಂಡುಗಳು ಬಿದ್ದಿರುತ್ತವೆ. ಯಾರಾದರೂ ಕೈಹೊಲಿಗೆ ಹಾಕಿ ಒಂದೆರಡು ಅಂಗಿ ಮಾಡಿಬಿಡಬಹುದು.

ಆ ಕೈಹೊಲಿಗೆಯೇ ಸ್ಕಿಡ್ (ತೀವ್ರ ರೋಗನಿರೋಧಕ ಕೊರತೆಯ) ಇಲಿಯ ದೊಡ್ಡ ತಲೆನೋವು. 1983ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಗೇಲ್ ಬಾಸ್ಮಾ, ಮೆಲ್ವಿನ್ ಬಾಸ್ಮಾ ದಂಪತಿ ವರದಿ ಮಾಡಿದ ಈ ಇಲಿಯಲ್ಲಿ ಪಿಆರ್‌ಕೆಡಿಸಿ ತಾನಾಗಿ ಕೆಟ್ಟಿತ್ತು, ಯಾರೂ ಕೆಡಿಸಿದ್ದಲ್ಲ. ರ್ಯಾಗ್-1 ಮತ್ತು ರ್ಯಾಗ್-2 ಜೀನ್‌ಗಳನ್ನು ಬೇಕೆಂದೇ ಕಿತ್ತುಹಾಕಿದ ಇಲಿಗಳು ಬಂದದ್ದು 1992ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು, 1991ರಲ್ಲಿ, ಬಿ ಜೀವಕೋಶ ಮಾತ್ರ ಇಲ್ಲದ ಮ್ಯೂ-ಎಂಟಿ ಇಲಿ ಬಂದಿತ್ತು. ಇದರಲ್ಲಿ ಬಿ ಕೋಶಗಳಿಗೆ ಸಹಾಯ ಮಾಡುವ ಟಿ ಜೀವಕೋಶಗಳು ಹಾಗೆಯೇ ಇರುತ್ತವೆ. ಈ ಮೂರನ್ನೂ ‘ಪ್ರತಿಕಾಯ ಇಲ್ಲದ ಇಲಿ’ ಎಂದು ಒಂದೇ ಉಸಿರಿನಲ್ಲಿ ಹೇಳುವವರಿದ್ದಾರೆ. ಹಾಗೆ ಹೇಳಬಾರದು. ರ್ಯಾಗ್ ಇಲಿಯಲ್ಲಿ ಪ್ರತಿಕಾಯ ಸೊನ್ನೆ ಎಂದರೆ ಸೊನ್ನೆಯೇ. ಸ್ಕಿಡ್ ಇಲಿ ಹರೆಯದಲ್ಲಿದ್ದಾಗ ಅಲ್ಲೊಂದು ಇಲ್ಲೊಂದರಲ್ಲಿ ಸೋರಿಕೆ, ಅಂದರೆ ಕೈಹೊಲಿಗೆಯಿಂದ ಬಂದ ಪ್ರತಿಕಾಯ, ಕಾಣುತ್ತದೆ. ಹತ್ತು ತಿಂಗಳು ದಾಟಿತೆಂದರೆ ಬಹುಪಾಲು ಇಲಿಗಳಲ್ಲಿ ಒಂದಿಷ್ಟು ಇಮ್ಯುನೋಗ್ಲಾಬ್ಯುಲಿನ್ (ಪ್ರತಿಕಾಯ) ಸಿಗುತ್ತದೆ. ಇದು ತಳಿಯ ಮೇಲೂ ನಿಂತಿದೆ. ನಾಡ್ ಎಂಬ ಮಧುಮೇಹದ ತಳಿಗೆ ಸೇರಿಸಿದ ಸ್ಕಿಡ್‌ನಲ್ಲಿ ಸೋರಿಕೆ ಕಡಿಮೆ, ಬಾಲ್ಬ್-ಸಿ ತಳಿಯಲ್ಲಿ ಹೆಚ್ಚು. ಮ್ಯೂ-ಎಂಟಿ ಕೂಡ ಬಾಲ್ಬ್-ಸಿ ಹಿನ್ನೆಲೆಗೆ ಹೋದರೆ ಪೂರ್ತಿ ಬಿಗಿ ಇರುವುದಿಲ್ಲ. ಆದ್ದರಿಂದ ಜೀನಿನ ಹೆಸರು ಬರೆದರೆ ಸಾಲದು, ತಳಿಯನ್ನೂ ರಕ್ತ ತೆಗೆದ ದಿನದ ವಯಸ್ಸನ್ನೂ ಬರೆದಿಡಿ.

1960ರ ದಶಕದಿಂದ ಇರುವ ಕೂದಲಿಲ್ಲದ ನ್ಯೂಡ್ ಇಲಿಯ ಬಗ್ಗೆ ಒಂದೇ ಮಾತು. ಅದಕ್ಕಿಲ್ಲದ್ದು ಟಿ ಜೀವಕೋಶ ಬಲಿಯುವ ಅಂಗವಾದ ಥೈಮಸ್, ಅದರಿಂದಾಗಿ ಟಿ ಜೀವಕೋಶ. ಬಿ ಜೀವಕೋಶಗಳು ಇವೆ, ಐಜಿಎಂ ಎಂಬ ಬಗೆಯ ಪ್ರತಿಕಾಯ ಬರುತ್ತದೆ, ಟಿ ಸಹಾಯ ಬೇಡದ ಪಾಲಿಸ್ಯಾಕರೈಡ್‌ನಂಥ ಪ್ರತಿಜನಕಕ್ಕೆ (ಪ್ರತಿಕಾಯ ಹುಟ್ಟಿಸುವ ವಸ್ತುವಿಗೆ) ಉತ್ತರವೂ ಬರುತ್ತದೆ. ಗಡ್ಡೆ ಬೆಳೆಸಲು ನ್ಯೂಡ್ ಇಲಿ ಇಟ್ಟುಕೊಂಡವರು ‘ಇದರಲ್ಲಿ ಪ್ರತಿಕಾಯದ ಗೊಡವೆ ಇಲ್ಲ’ ಎಂದುಕೊಂಡರೆ ಅದು ತಪ್ಪು ಲೆಕ್ಕ.

ಈಗ ತಾಯಿಯ ವಿಷಯ. ರ್ಯಾಗ್ ಇಲಿಯ ಸೊನ್ನೆಯನ್ನೂ ಕೆಡಿಸುವುದು ಇದೊಂದೇ. ಸಂತಾನಾಭಿವೃದ್ಧಿಗೆ ಅನುಕೂಲ ಎಂದು ಒಂದು ಒಳ್ಳೆಯ ಜೀನ್, ಒಂದು ಕೆಟ್ಟ ಜೀನ್ ಇರುವ ಹೆಣ್ಣನ್ನು ಬಳಸುವುದುಂಟು. ಆ ತಾಯಿಗೆ ರೋಗನಿರೋಧಕ ಶಕ್ತಿ ಸರಿಯಾಗಿಯೇ ಇರುತ್ತದೆ. ಅವಳ ಐಜಿಜಿ (ಇನ್ನೊಂದು ಬಗೆಯ ಪ್ರತಿಕಾಯ) ಎಫ್‌ಸಿಆರ್‌ಎನ್ ಎಂಬ ಗ್ರಾಹಕದ ಮೂಲಕ ಹುಟ್ಟುವ ಮೊದಲು ಭ್ರೂಣದ ಸುತ್ತಲಿನ ಯೋಕ್ ಸ್ಯಾಕ್ ಚೀಲ ದಾಟಿ, ಹುಟ್ಟಿದ ಮೇಲೆ ಎರಡು ಮೂರು ವಾರ ಹಾಲಿನ ಜೊತೆ ಕರುಳು ದಾಟಿ ಮರಿಗೆ ಸೇರುತ್ತದೆ. ಇಲಿಯಲ್ಲಿ ಐಜಿಜಿಯ ಅರ್ಧಾಯುಷ್ಯ ಸುಮಾರು ಒಂದು ವಾರ. ಹಾಲು ಬಿಡಿಸುವ 21ನೇ ದಿನ ಮರಿಯ ಸೀರಂನಲ್ಲಿ ಮಿಲಿಲೀಟರ್‌ಗೆ 1 ಮಿಲಿಗ್ರಾಂ ಇತ್ತು ಎಂದಿಟ್ಟುಕೊಳ್ಳಿ. ಆರು ವಾರ ಕಳೆದರೆ ಆರು ಬಾರಿ ಅರ್ಧಕ್ಕೆ ಇಳಿದು 64ರಲ್ಲಿ ಒಂದು ಪಾಲು, ಅಂದರೆ ಸುಮಾರು 16 ಮೈಕ್ರೋಗ್ರಾಂ ಉಳಿದಿರುತ್ತದೆ. ಎಲೈಸಾ ನ್ಯಾನೋಗ್ರಾಂ ಹಿಡಿಯುತ್ತದೆ. 16 ಮೈಕ್ರೋಗ್ರಾಂ ಅದಕ್ಕೆ ಬೆಟ್ಟದಷ್ಟು. ಸಾಲದ್ದಕ್ಕೆ ಒಟ್ಟು ಐಜಿಜಿ ಕಡಿಮೆ ಇರುವ ದೇಹದಲ್ಲಿ ಆ ಗ್ರಾಹಕಕ್ಕೆ ಪೈಪೋಟಿ ಇಲ್ಲದೆ ಇರುವ ಐಜಿಜಿ ಇನ್ನೂ ನಿಧಾನವಾಗಿ ಖಾಲಿಯಾಗುತ್ತದೆ.

ಬಿಡಿಸಿಕೊಳ್ಳುವ ದಾರಿ ಸುಲಭ. ಐಜಿಎಂ ತಾಯಿಯಿಂದ ದಾಟುವುದಿಲ್ಲ. ಐಜಿಜಿ ಇದೆ, ಐಜಿಎಂ ಇಲ್ಲ, ವಾರ ವಾರಕ್ಕೂ ಇಳಿಯುತ್ತಿದೆ ಎಂದರೆ ಅದು ತಾಯಿಯದು. ಐಜಿಎಂ ಕೂಡ ಇದೆ, ವಯಸ್ಸಿನ ಜೊತೆ ಏರುತ್ತಿದೆ ಎಂದರೆ ಸೋರಿಕೆ. ಸೋರಿಕೆಯದು ನಾಲ್ಕಾರು ಬಿ ಕೋಶಗಳ ಸಂತತಿ ಮಾತ್ರ, ಹಾಗಾಗಿ ಒಂದು ಇಲಿಯ ಫಲಿತಾಂಶ ಪಕ್ಕದ ಇಲಿಗೆ ಹೋಲುವುದೇ ಇಲ್ಲ. ಹತ್ತು ಇಲಿಗಳಲ್ಲಿ ಎಂಟು ಸೊನ್ನೆ, ಎರಡು ವಿಪರೀತ ಎಂದಾದಾಗ ಸರಾಸರಿ ತೆಗೆಯುವುದು ಮೋಸ. ಪ್ರಯೋಗಕ್ಕೆ ಮುಂಚೆಯೇ ಪ್ರತಿ ಇಲಿಯ ಒಟ್ಟು ಐಜಿಎಂ, ಐಜಿಜಿ ಅಳೆದು, ಇಷ್ಟಕ್ಕಿಂತ ಹೆಚ್ಚಿದ್ದರೆ ತೆಗೆದುಹಾಕುತ್ತೇವೆ ಎಂದು ಮಿತಿ ಗೊತ್ತುಮಾಡಿ. ಲಸಿಕೆ ಕೊಟ್ಟ ಮೇಲೆ ಮಿತಿ ಹುಡುಕುವುದು ಬೇಡ.

ಇಲ್ಲಿ ಮಕ್ಕಳ ವಿಭಾಗದಲ್ಲಿ ಕೆಲಸ ಮಾಡುವವರು ಕುಳಿತಿದ್ದೀರಿ, ಇಲಿಯ ಕಥೆ ನಿಮಗೆ ಗೊತ್ತಿರುವ ಕಥೆಯೇ. ತೀವ್ರ ರೋಗನಿರೋಧಕ ಕೊರತೆಯೊಂದಿಗೆ ಹುಟ್ಟಿದ ಕೂಸಿನ ಐಜಿಜಿ ಮೊದಲ ಕೆಲವು ತಿಂಗಳು ಪರವಾಗಿಲ್ಲ ಎನ್ನುವಂತೆ ಕಾಣುವುದು ತಾಯಿಯ ಐಜಿಜಿಯಿಂದ. ಅಲ್ಲಿ ನೋಡಬೇಕಾದದ್ದು ಐಜಿಎಂ, ಐಜಿಎ, ಅದಕ್ಕೂ ಮೊದಲು ಮಾಮೂಲಿ ರಕ್ತ ಪರೀಕ್ಷೆಯ ಲಿಂಫೋಸೈಟ್ ಸಂಖ್ಯೆ. ಹಸುಗೂಸಿನಲ್ಲಿ ಮೈಕ್ರೋಲೀಟರ್‌ಗೆ 3000ಕ್ಕಿಂತ ಕೆಳಗಿದ್ದರೆ ಸುಮ್ಮನೆ ಬಿಡುವಂತಿಲ್ಲ. ಆ ಲೆಕ್ಕ ತಾಲ್ಲೂಕು ಆಸ್ಪತ್ರೆಯಲ್ಲೂ ಸಿಗುತ್ತದೆ. ನಮ್ಮಲ್ಲಿ ಹುಟ್ಟಿದ ಕೂಡಲೇ ಬಿಸಿಜಿ ಹಾಕುತ್ತೇವೆ. ಅದು ಜೀವಂತ ಲಸಿಕೆ, ಇಂಥ ಕೂಸಿನ ಮೈಯೆಲ್ಲ ಹರಡಬಹುದು. ಚುಚ್ಚಿದ ಜಾಗ ಮಾಯದೆ ಕಂಕುಳಲ್ಲಿ ಗಂಟು ಕಟ್ಟಿಕೊಂಡು ಬರುವ, ತೂಕ ಏರದ, ಬಾಯಲ್ಲಿ ಬಿಳಿ ಅಗ್ರ ಬಿಡದ ಕೂಸನ್ನು ಈ ಕಣ್ಣಿನಿಂದಲೂ ನೋಡಿ. ಇನ್ನೊಂದು: ರ್ಯಾಗ್ ಕೊರತೆ ಬರಲು ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಜೀನ್ ಬರಬೇಕು. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ, ಅತ್ತೆಯ ಮಗನಿಗೆ ಕೊಡುವ ಪದ್ಧತಿ ಇರುವ ನಮ್ಮ ಕಡೆ ಆ ಸಾಧ್ಯತೆ ಹೆಚ್ಚು. ಎಕ್ಸ್ ಕ್ರೋಮೋಸೋಮಿನ ಮೇಲಿರುವ ಗಾಮಾ ಸರಪಳಿಯ (ಐಎಲ್-2ರಂಥ ಸಂಕೇತ ಪ್ರೋಟೀನ್ ಹಿಡಿಯುವ ಗ್ರಾಹಕದ ಭಾಗ) ಕೊರತೆಗೆ ಈ ನೆಂಟಸ್ತಿಕೆಯ ಹಂಗಿಲ್ಲ. ಅದು ತಾಯಿಯಿಂದ ಗಂಡುಮಕ್ಕಳಿಗೆ ಬರುತ್ತದೆ. ರ್ಯಾಗ್ ಅರೆಬರೆ ಕೆಲಸ ಮಾಡುವ ಮಕ್ಕಳಲ್ಲಿ ಸೋರಿಕೆಯೂ ಉಂಟು. ಮೈ ಕೆಂಪಗೆ ಸಿಪ್ಪೆ ಏಳುತ್ತದೆ, ಐಜಿಇ ಏರುತ್ತದೆ, ಉಳಿದವು ಕೆಳಗಿರುತ್ತವೆ. ಆಮೆನ್ ಸಿಂಡ್ರೋಮ್ ಎನ್ನುವುದು ಇದನ್ನೇ. ‘ಐಜಿಇ ಇಷ್ಟಿದೆ, ನಿರೋಧಕ ಶಕ್ತಿ ಚೆನ್ನಾಗಿದೆ’ ಎಂದು ಓದಿದರೆ ಕೂಸು ಕೈತಪ್ಪುತ್ತದೆ.

ಬಿ, ಟಿ ಎರಡೂ ಕೋಶಗಳಿಲ್ಲದ ಖಾಲಿ ಇಲಿಯ ನಿಜವಾದ ಉಪಯೋಗ ಅದನ್ನು ಬೇಕಾದಂತೆ ತುಂಬಿಸಬಹುದು ಎಂಬುದರಲ್ಲಿದೆ. ಒಂದು ಜೀನ್ ಕೆಡಿಸಿದ ಇಲಿ ಲಸಿಕೆಗೆ ಪ್ರತಿಕಾಯ ಕೊಡಲಿಲ್ಲ. ತಪ್ಪು ಬಿ ಕೋಶದಲ್ಲಿದೆಯೇ, ಸಹಾಯಕ ಟಿ ಕೋಶದಲ್ಲಿದೆಯೇ? ಮಾಮೂಲಿ ಇಲಿಯ ಗುಲ್ಮದಿಂದ ಸಿಡಿ4 ಗುರುತಿನ ಸಹಾಯಕ ಟಿ ಕೋಶ 10ರಿಂದ 20 ಲಕ್ಷ, ಜೀನ್ ಕೆಟ್ಟ ಇಲಿಯಿಂದ ಬಿ ಕೋಶ 50 ಲಕ್ಷದಿಂದ 1 ಕೋಟಿ, ಎರಡನ್ನೂ 200 ಮೈಕ್ರೋಲೀಟರ್ ಪಿಬಿಎಸ್ ಎಂಬ ಉಪ್ಪಿನ ದ್ರಾವಣದಲ್ಲಿ ರ್ಯಾಗ್ ಇಲಿಯ ಬಾಲದ ರಕ್ತನಾಳಕ್ಕೆ ಕೊಡಿ. ಇನ್ನೊಂದು ಗುಂಪಿಗೆ ಅದಲು ಬದಲು ಮಾಡಿ. ಮರುದಿನ ಎನ್‌ಪಿ-ಕೆಎಲ್‌ಎಚ್ (ಎನ್‌ಪಿ ಎಂಬ ಸಣ್ಣ ಅಣು ಅಂಟಿಸಿದ ಕೆಎಲ್‌ಎಚ್ ಪ್ರೋಟೀನ್) 50ರಿಂದ 100 ಮೈಕ್ರೋಗ್ರಾಂ ಅನ್ನು ಅಲಂ ಎಂಬ ಉತ್ತೇಜಕದ ಜೊತೆ ಹೊಟ್ಟೆಯ ಪೊರೆಯೊಳಗೆ ಕೊಟ್ಟು 7, 14, 21ನೇ ದಿನ ಸೀರಂ ತೆಗೆಯಿರಿ. ಬಿ ಕೋಶ ಮಾತ್ರ, ಟಿ ಕೋಶ ಮಾತ್ರ ಕೊಟ್ಟ ಎರಡು ಗುಂಪು ಇರಲೇಬೇಕು. ‘ಬಿ ಮಾತ್ರ’ ಗುಂಪಿನಲ್ಲಿ ಐಜಿಜಿ ಬಂದರೆ ನಿಮ್ಮ ಬಿ ಕೋಶದಲ್ಲಿ ಟಿ ಕೋಶ ಕಲಬೆರಕೆಯಾಗಿದೆ ಎಂದರ್ಥ. ಖಾಲಿ ಇಲಿಯಲ್ಲಿ ಶೇ 1ರಷ್ಟು ಟಿ ಕೋಶ ಸಾಕು, ಜಾಗ ಸಿಕ್ಕಿತೆಂದು ಬೆಳೆದು ತುಂಬಿಕೊಳ್ಳುತ್ತದೆ. ಕೆಲವೊಮ್ಮೆ ಅದೇ ಟಿ ಕೋಶ ಕರುಳಿನ ಮೇಲೆ ಬಿದ್ದು ಭೇದಿ ಹಚ್ಚುತ್ತದೆ. ವಾರಕ್ಕೆ ಎರಡು ಸಲ ತೂಕ ನೋಡದವರಿಗೆ ಇದು ತಿಳಿಯುವುದು ತಡವಾಗಿ.

ಇದಕ್ಕಿಂತ ಗಟ್ಟಿಯಾದ ವಿಧಾನ ಮಿಶ್ರ ಮಜ್ಜೆ. ಶೇ 80 ಮ್ಯೂ-ಎಂಟಿ ಮಜ್ಜೆ, ಶೇ 20 ಜೀನ್ ಕೆಟ್ಟ ಇಲಿಯ ಮಜ್ಜೆ ಬೆರೆಸಿ, ವಿಕಿರಣ ಕೊಟ್ಟ ಇಲಿಗೆ ಹಾಕಿದರೆ ಬಿ ಕೋಶಗಳೆಲ್ಲ ಕೆಟ್ಟ ಜೀನಿನವು, ಉಳಿದ ಕೋಶಗಳು ಬಹುಪಾಲು ಸರಿಯಾದವು. ವಿಕಿರಣದ ಪ್ರಮಾಣವನ್ನು ಒಂದು ತಳಿಯಿಂದ ಇನ್ನೊಂದಕ್ಕೆ ಹಾಗೇ ಎತ್ತಿಕೊಳ್ಳಬೇಡಿ. ಬ್ಲ್ಯಾಕ್-6 ತಳಿಯ ಇಲಿಗೆ 9–10 ಗ್ರೇ (ವಿಕಿರಣದ ಅಳತೆ) ಅನ್ನು ಎರಡು ಕಂತಿನಲ್ಲಿ ಕೊಡುವುದು ರೂಢಿ. ಸ್ಕಿಡ್ ಇಲಿಗೆ ಅದರ ಅರ್ಧ ಕೊಟ್ಟರೂ ಸಾಯುತ್ತದೆ, ಯಾಕೆಂದರೆ ಮುರಿದ ಡಿಎನ್‌ಎ ಜೋಡಿಸುವ ಆ ಕೈನೇಸ್ ದೇಹದ ಎಲ್ಲ ಕೋಶಕ್ಕೂ ಬೇಕು. 2ರಿಂದ 2.5 ಗ್ರೇ ಅದರ ಎಲ್ಲೆ.

ಇನ್ನು ಮನುಷ್ಯರ ಜೀವಕೋಶ ಹಾಕಿದ ಇಲಿ. 1988ರಲ್ಲಿ ಸ್ಕಿಡ್ ಇಲಿಯಲ್ಲಿ ಇದು ಶುರುವಾಯಿತು. ಆದರೆ ಇಲಿಯ ಎನ್‌ಕೆ ಎಂಬ ಕೊಲ್ಲುವ ಕೋಶಗಳು ಹೊರಗಿನ ಕೋಶಗಳನ್ನು ನಿಲ್ಲಗೊಡುತ್ತಿರಲಿಲ್ಲ. ನಾಡ್-ಸ್ಕಿಡ್ ಇಲಿಯಲ್ಲಿ ಐಎಲ್-2ರ ಗ್ರಾಹಕದ ಗಾಮಾ ಸರಪಳಿಯನ್ನೂ ಕೆಡಿಸಿದಾಗ ಎನ್‌ಕೆ ಹೋದವು. 2002ರಲ್ಲಿ ಜಪಾನಿನ ನಾಗ್, 2005ರಲ್ಲಿ ಅಮೆರಿಕದ ಜಾಕ್ಸನ್ ಲ್ಯಾಬೊರೇಟರಿಯ ಎನ್‌ಎಸ್‌ಜಿ ಹೀಗೆ ಬಂದವು. ನಾಡ್ ತಳಿಯ ಮ್ಯಾಕ್ರೋಫೇಜ್ (ಕೋಶ ನುಂಗುವ ಕೋಶ) ಮೇಲಿನ ಸರ್ಪ್-ಆಲ್ಫಾ ಪ್ರೋಟೀನ್ ಮನುಷ್ಯರ ಕೋಶದ ಸಿಡಿ47ಕ್ಕೆ ಚೆನ್ನಾಗಿ ಅಂಟುತ್ತದೆ. ‘ತಿನ್ನಬೇಡ’ ಎಂಬ ಸಂಕೇತ ಅದರಿಂದಲೇ ಹೋಗುವುದರಿಂದ ಮನುಷ್ಯರ ಕೋಶ ಉಳಿಯುತ್ತದೆ.

ಎರಡು ದಾರಿಗಳಿವೆ, ಎರಡರ ಪ್ರತಿಕಾಯಗಳೂ ಬೇರೆ. ವಯಸ್ಕರ ರಕ್ತದಿಂದ ತೆಗೆದ ಬಿಳಿ ಕೋಶಗಳನ್ನು ಇಲಿಗೊಂದು ಕೋಟಿಯಂತೆ ಹಾಕಿದರೆ ಕೆಲಸ ಬೇಗ ಆಗುತ್ತದೆ. ಆದರೆ ಅದರಲ್ಲಿ ರಕ್ತದಾನಿಯ ನೆನಪಿನ ಬಿ ಕೋಶಗಳಿವೆ. ನಮ್ಮಲ್ಲಿ ಧನುರ್ವಾಯು ಚುಚ್ಚುಮದ್ದು ಹಾಕಿಸಿಕೊಳ್ಳದವರು ವಿರಳ. ಆ ಇಲಿಗೆ ಟೆಟನಸ್ ಟಾಕ್ಸಾಯ್ಡ್ ಕೊಟ್ಟಾಗ ಐಜಿಜಿ ಬಂದರೆ ಅದು ಇಲಿಯೊಳಗೆ ಹುಟ್ಟಿದ ಹೊಸ ಉತ್ತರವಲ್ಲ, ರಕ್ತದಾನಿಯ ಹಳೆಯ ನೆನಪು. ಹೊಸ ಉತ್ತರ ನೋಡಬೇಕೆಂದರೆ ಅವರ ದೇಹ ಕಂಡಿರದ ಕೆಎಲ್‌ಎಚ್‌ನಂಥ ಪ್ರತಿಜನಕ ಬೇಕು, ಅವರ ಸ್ವಂತ ಸೀರಂ ಒಂದು ಶೀಶೆ ಮೊದಲೇ ತೆಗೆದಿಟ್ಟಿರಬೇಕು. ನಾಲ್ಕರಿಂದ ಆರು ವಾರದೊಳಗೆ ಮನುಷ್ಯರ ಟಿ ಕೋಶಗಳು ಇಲಿಯ ಮೇಲೆಯೇ ತಿರುಗಿಬೀಳುತ್ತವೆ. ಕೂದಲು ಎದ್ದು ನಿಂತು, ಬೆನ್ನು ಗೂನಾಗಿ, ತೂಕ ಶೇ 15–20 ಇಳಿದರೆ ಪ್ರಯೋಗ ಅಲ್ಲಿಗೆ ನಿಲ್ಲಿಸಬೇಕು. ರಕ್ತದಾನಿಯಲ್ಲಿ ಎಪ್‌ಸ್ಟೀನ್-ಬಾರ್ ವೈರಸ್ ಇದ್ದರೆ, ದೊಡ್ಡವರಲ್ಲಿ ಬಹುತೇಕ ಎಲ್ಲರಿಗೂ ಇರುತ್ತದೆ, ಇಲಿಯಲ್ಲಿ ಬಿ ಕೋಶದ ಗಡ್ಡೆಯೂ ಏಳಬಹುದು. ಆಗ ಸೀರಂನಲ್ಲಿ ಮನುಷ್ಯರ ಐಜಿಜಿ ಧಾರಾಳವಾಗಿರುತ್ತದೆ. ಅದಕ್ಕೂ ನೀವು ಕೊಟ್ಟ ಲಸಿಕೆಗೂ ಸಂಬಂಧವೇ ಇರುವುದಿಲ್ಲ.

ಎರಡನೆಯದು ಹೊಕ್ಕುಳಬಳ್ಳಿ ರಕ್ತದ ಸಿಡಿ34 ಮೂಲಕೋಶ. ಹುಟ್ಟಿ ಒಂದರಿಂದ ಮೂರು ದಿನದ ಎನ್‌ಎಸ್‌ಜಿ ಮರಿಗೆ 1 ಗ್ರೇ ಕೊಟ್ಟು, ಅದೇ ದಿನ ಸುಮಾರು 1 ಲಕ್ಷ ಕೋಶಗಳನ್ನು ಯಕೃತ್ತಿಗೆ ನೇರವಾಗಿ ಚುಚ್ಚುತ್ತಾರೆ. ದ್ರವ 50 ಮೈಕ್ರೋಲೀಟರ್ ಮೀರಬಾರದು. ಹತ್ತು ಹನ್ನೆರಡು ವಾರದಲ್ಲಿ ಬಿಳಿ ಕೋಶಗಳ ಗುರುತಾದ ಮನುಷ್ಯರ ಸಿಡಿ45 ಎಷ್ಟೆಂದು ನೋಡಿ, ರಕ್ತದ ಬಿಳಿ ಕೋಶಗಳಲ್ಲಿ ಶೇ 25 ದಾಟಿದವನ್ನು ಆರಿಸಿಕೊಳ್ಳುವುದು ರೂಢಿ. ಇಲ್ಲಿ ಅವಸರದವರು ಎಡವುತ್ತಾರೆ. ಮೊದಲು ಬರುವುದು ಬಿ ಕೋಶ, ಟಿ ಕೋಶ ಬಲಿಯಲು ಇನ್ನೂ ಕೆಲವು ವಾರ ಬೇಕು. ಎಂಟನೇ ವಾರದಲ್ಲಿ ‘ಬಿ ಕೋಶ ತುಂಬಿದೆ’ ಎಂದು ಲಸಿಕೆ ಕೊಟ್ಟರೆ ಸಹಾಯಕ್ಕೆ ಟಿ ಕೋಶವೇ ಇರುವುದಿಲ್ಲ. ಕಾದರೂ ಸಿಗುವುದು ಹೆಚ್ಚಾಗಿ ಐಜಿಎಂ. ಐಜಿಜಿ ಅಲ್ಪ, ಹಿಡಿತವೂ ಸಡಿಲ. ಕಾರಣ ಒಂದಲ್ಲ. ಮನುಷ್ಯರ ಟಿ ಕೋಶ ಕಲಿತದ್ದು ಇಲಿಯ ಥೈಮಸ್‌ನಲ್ಲಿ, ಇಲಿಯ ಎಂಎಚ್‌ಸಿ (ಪ್ರತಿಜನಕದ ತುಣುಕು ತೋರಿಸುವ ಅಣು) ನೋಡಿ. ಮನುಷ್ಯರ ಬಿ ಕೋಶ ತೋರಿಸುವುದು ಎಚ್‌ಎಲ್‌ಎ, ಅಂದರೆ ಮನುಷ್ಯರ ಎಂಎಚ್‌ಸಿ. ಗಾಮಾ ಸರಪಳಿ ಇಲ್ಲದ್ದರಿಂದ ದುಗ್ಧಗ್ರಂಥಿಗಳು ಸರಿಯಾಗಿ ಕಟ್ಟಿಕೊಳ್ಳುವುದಿಲ್ಲ, ಪ್ರತಿಕಾಯ ಹದಗೊಳ್ಳುವ ಜಾಗವೇ ಇಲ್ಲವಾಗುತ್ತದೆ. ಇಲಿಯ ಐಎಲ್-6 ಎಂಬ ಸಂಕೇತ ಪ್ರೋಟೀನ್ ಮನುಷ್ಯರ ಕೋಶಕ್ಕೆ ತಾಗುವುದಿಲ್ಲ. ಎಚ್‌ಎಲ್‌ಎ-ಡಿಆರ್4 ಸೇರಿಸಿದ ಇಲಿಗೆ ಹೊಂದುವ ಡಿಆರ್4 ಮೂಲಕೋಶ ಹಾಕಿದಾಗ ಐಜಿಜಿ ಸುಧಾರಿಸುತ್ತದೆ. ಮನುಷ್ಯರ ಐಎಲ್-6 ಜೀನ್ ಕೂರಿಸಿದ ಇಲಿ, ಟಿಎಸ್‌ಎಲ್‌ಪಿ ಎಂಬ ಇನ್ನೊಂದು ಸಂಕೇತ ಪ್ರೋಟೀನ್ ಕೊಟ್ಟು ದುಗ್ಧಗ್ರಂಥಿ ಬೆಳೆಸಿದ ಇಲಿ ಕೂಡ ಇವೆ. ಒಂದೊಂದು ಒಂದೊಂದು ಕಂತೆ ಬಿಚ್ಚುತ್ತದೆ, ಮನುಷ್ಯರ ಲಸಿಕೆಯ ಉತ್ತರವನ್ನು ಹಾಗೇ ತೋರಿಸುವ ಇಲಿ ಯಾವುದೂ ಇಲ್ಲ. ಹಾಗೆ ಮಾರುವ ಕ್ಯಾಟಲಾಗ್ ನೋಡಿದರೆ ಕಣ್ಣು ಕಿರಿದು ಮಾಡಿ.

ಎಲೈಸಾ ಬಗ್ಗೆ, ಕೈ ಕೆಲಸದವರಿಗಾಗಿ. ಎನ್‌ಪಿ-ಕೆಎಲ್‌ಎಚ್ ಕೊಟ್ಟ ಇಲಿಗೆ ಪ್ಲೇಟಿನಲ್ಲಿ ಎನ್‌ಪಿ-ಬಿಎಸ್‌ಎ (ಎನ್‌ಪಿ ಅಂಟಿಸಿದ ದನದ ಆಲ್ಬುಮಿನ್) ಹಾಕಿ, ಆಗ ಎನ್‌ಪಿಗೆ ಬಂದ ಪ್ರತಿಕಾಯ ಮಾತ್ರ ಕಾಣುತ್ತದೆ. ಮಿಲಿಲೀಟರ್‌ಗೆ 2ರಿಂದ 5 ಮೈಕ್ರೋಗ್ರಾಂ, ಪಿಎಚ್ 9.6ರ ಕಾರ್ಬೊನೇಟ್ ಬಫರಿನಲ್ಲಿ, ಗುಳಿಗೆ 50 ಮೈಕ್ರೋಲೀಟರ್, 4 ಡಿಗ್ರಿಯಲ್ಲಿ ರಾತ್ರಿಯಿಡೀ. ಶೇ 0.05 ಟ್ವೀನ್-20 ಇರುವ ಪಿಬಿಎಸ್‌ನಲ್ಲಿ ಮೂರು ಸಲ ತೊಳೆದು ಒಂದೆರಡು ಗಂಟೆ ಬ್ಲಾಕ್ ಮಾಡಿ. ಇಲ್ಲೊಂದು ಹಳ್ಳ ಇದೆ. ವರ್ಗಾಯಿಸಿದ ಕೋಶಗಳನ್ನು ಕರುವಿನ ಸೀರಂನಲ್ಲಿ ಬೆಳೆಸಿ ಸರಿಯಾಗಿ ತೊಳೆಯದೆ ಚುಚ್ಚಿದ್ದರೆ ಇಲಿ ದನದ ಆಲ್ಬುಮಿನ್‌ಗೂ ಪ್ರತಿಕಾಯ ಮಾಡಿರುತ್ತದೆ. ಪ್ಲೇಟಿನ ಮೇಲಿರುವ ಬಿಎಸ್‌ಎ ಅದನ್ನೇ ಹಿಡಿದು ಎಲ್ಲ ಗುಳಿಯೂ ಹಳದಿಯಾಗುತ್ತದೆ. ಬರೀ ಬಿಎಸ್‌ಎ ಹಾಕಿದ ಒಂದು ಸಾಲು ಇಟ್ಟರೆ ಕಳ್ಳ ಸಿಕ್ಕಿಬೀಳುತ್ತಾನೆ. ಸೀರಂ 100ಕ್ಕೆ ಒಂದರಿಂದ ಶುರುಮಾಡಿ ಮೂರು ಮೂರು ಪಟ್ಟು ಎಂಟು ಹಂತ ತೆಳುಮಾಡಿ, ಎರಡು ಗಂಟೆ ಬಿಡಿ. ಐದು ಸಲ ತೊಳೆದು ಎಚ್‌ಆರ್‌ಪಿ ಎಂಬ ಕಿಣ್ವ ಜೋಡಿಸಿದ ಎರಡನೇ ಪ್ರತಿಕಾಯ ಒಂದು ಗಂಟೆ. ಬಣ್ಣ ಕೊಡುವ ಟಿಎಂಬಿ 5ರಿಂದ 15 ನಿಮಿಷ, ಆಮೇಲೆ ಸಲ್ಫ್ಯೂರಿಕ್ ಆಮ್ಲ, 450 ನ್ಯಾನೋಮೀಟರಿನಲ್ಲಿ ಓದು. ಬಫರಿಗೆ ಸೋಡಿಯಂ ಅಜೈಡ್ ಹಾಕಿಟ್ಟಿದ್ದರೆ ಎಚ್‌ಆರ್‌ಪಿ ಸತ್ತುಹೋಗುತ್ತದೆ, ಪ್ಲೇಟು ಬಣ್ಣವೇ ತಿರುಗುವುದಿಲ್ಲ. ಏಪ್ರಿಲ್‌ನಲ್ಲಿ ದಾವಣಗೆರೆಯ ‘ಕೋಣೆಯ ಉಷ್ಣತೆ’ 35 ಡಿಗ್ರಿ ದಾಟಿರುತ್ತದೆ, ಗಾಳಿಯೂ ಒಣ. ಅಂಚಿನ ಗುಳಿಗಳು ಆರಿ ಹೆಚ್ಚು ಬಣ್ಣ ಕೊಡುತ್ತವೆ. ಸೀಲ್ ಅಂಟಿಸಿ, ಒದ್ದೆ ಟಿಶ್ಯೂ ಹಾಕಿದ ಮುಚ್ಚಳದ ಡಬ್ಬಿಯಲ್ಲಿಟ್ಟು, ಇನ್‌ಕ್ಯುಬೇಟರಿನಲ್ಲೇ ಮಾಡಿ. ಇಲ್ಲವಾದರೆ ಜನವರಿಯ ಪ್ಲೇಟಿಗೂ ಏಪ್ರಿಲ್ ಪ್ಲೇಟಿಗೂ ತಾಳೆಯಾಗದು.

ಐಜಿಜಿಯ ಉಪವರ್ಗ ನೋಡುವವರು ಇದೊಂದು ನೆನಪಿಡಿ: ಬಾಲ್ಬ್-ಸಿ ಇಲಿಯಲ್ಲಿರುವುದು ಐಜಿಜಿ2ಎ, ಬ್ಲ್ಯಾಕ್-6 ಮತ್ತು ನಾಡ್‌ನಲ್ಲಿರುವುದು ಐಜಿಜಿ2ಸಿ. ಬ್ಲ್ಯಾಕ್-6 ಇಲಿಯ ಸೀರಂಗೆ ಐಜಿಜಿ2ಎ ಕಿಟ್ ಹಾಕಿ ‘ಈ ಜೀನ್ ಕೆಟ್ಟರೆ ಐಜಿಜಿ2ಎ ಬರುವುದಿಲ್ಲ’ ಎಂದು ಬರೆದರೆ ಅದು ಜೀನಿನ ಗುಣವಲ್ಲ, ಕಿಟ್ಟಿನ ಗುಣ.

ಇಲಿಮನೆಯ ಮಾತು ಸ್ವಲ್ಪ. ಹಾಸಿಗೆಗೆ ಮೆಕ್ಕೆಜೋಳದ ದಿಂಡಿನ ಪುಡಿಯನ್ನು ಜಗತ್ತಿನ ಎಲ್ಲೆಡೆ ಬಳಸುತ್ತಾರೆ, ನಮ್ಮ ಜಿಲ್ಲೆಯಲ್ಲಿ ಅದಕ್ಕೆ ಬರವಿಲ್ಲ. ಆದರೆ ಕಣದಿಂದ ನೇರ ತಂದದ್ದು ಈ ಇಲಿಗಳಿಗೆ ವಿಷ. ದಿಂಡು ತೇವ ಹಿಡಿದಿಟ್ಟುಕೊಳ್ಳುತ್ತದೆ, ಒಳಗೆ ಬೂಷ್ಟು ಕೂತಿರುತ್ತದೆ. ಚೆನ್ನಾಗಿ ಒಣಗಿಸಿ, ಧೂಳು ಜರಡಿ ಹಿಡಿದು, 121 ಡಿಗ್ರಿಯಲ್ಲಿ ಆಟೋಕ್ಲೇವ್ ಮಾಡಬೇಕು. ಚೀಲವನ್ನು ಒತ್ತಿ ತುಂಬಿದರೆ ಹಬೆ ನಡುವಿಗೆ ಹೋಗುವುದಿಲ್ಲ. ಸೂಚಕ ಪಟ್ಟಿಯನ್ನು ಚೀಲದ ಮೇಲಲ್ಲ, ನಟ್ಟ ನಡುವೆ ಇಟ್ಟು ನೋಡಿ. ಭತ್ತದ ಹೊಟ್ಟು ಅಗ್ಗ, ಆದರೆ ಧೂಳು ಜಾಸ್ತಿ. ಕರೆಂಟು ಹೋದಾಗ ಪಂಜರಗಳಿಗೆ ಸೋಸಿದ ಗಾಳಿ ಊದುವ ಬ್ಲೋವರ್ ನಿಲ್ಲದಂತೆ ಯುಪಿಎಸ್ ಅದಕ್ಕೇ ಮೀಸಲಿರಲಿ, ಎಸಿಗಿಂತ ಮೊದಲು.

ಸೋಂಕು ತಪಾಸಣೆಯಲ್ಲೂ ಮತ್ತೆ ಪ್ರತಿಕಾಯದ ಪ್ರಶ್ನೆಯೇ. ಇಲಿಮನೆಗಳಲ್ಲಿ ವೈರಸ್ ಹೊಕ್ಕಿದೆಯೇ ಎಂದು ನೋಡುವುದು ಸಾಮಾನ್ಯವಾಗಿ ಸೀರಂನ ಪ್ರತಿಕಾಯದಿಂದ. ಪ್ರತಿಕಾಯವನ್ನೇ ಮಾಡದ ಇಲಿಯ ಸೀರಂ ಕಳಿಸಿದರೆ ಎಲ್ಲ ಸೋಂಕಿಗೂ ‘ಇಲ್ಲ’ ಎಂದೇ ವರದಿ ಬರುತ್ತದೆ, ಇಲಿಗಳು ಹೆಪಟೈಟಿಸ್ ವೈರಸ್‌ನಿಂದ ಸಾಯುತ್ತಿದ್ದರೂ ಸರಿ. ಅದಕ್ಕೆ ಕಾವಲು ಇಲಿಗಳಾಗಿ ಶಕ್ತಿ ಇರುವ ಮಾಮೂಲಿ ಇಲಿಗಳನ್ನು, ಬೇರೆ ಪಂಜರಗಳ ಹಳೆಯ ಹಾಸಿಗೆ ಹಾಕಿ ಸಾಕಬೇಕು, ಜೊತೆಗೆ ಹಿಕ್ಕೆಯ ಪಿಸಿಆರ್. ಕಾವಲು ಇಲಿಗಳಲ್ಲಿ ಸರಿಯಾಗಿ ಸಿಗದ ರೋಗಾಣುಗಳೂ ಇವೆ, ಕೊರಿನೆಬ್ಯಾಕ್ಟೀರಿಯಂ ಬೋವಿಸ್ ಅಂಥದ್ದು. ಅದಕ್ಕೆ ಇಲಿಯ ಚರ್ಮ ಒರೆಸಿ ಪಿಸಿಆರ್ ಮಾಡಿಯೇ ನೋಡಬೇಕು.

ಸಭೆಯಿಂದ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸಿದ್ದೇವೆ.

‘ಸರ್, ಎನ್‌ಎಸ್‌ಜಿ ಇಲಿಯಲ್ಲಿ ಸ್ವಂತ ಪ್ರತಿಕಾಯ ಇಲ್ಲವೆಂದ ಮೇಲೆ ಪ್ರತಿಕಾಯದ ಔಷಧ ಪರೀಕ್ಷಿಸಲು ಅದೇ ಒಳ್ಳೆಯದಲ್ಲವೇ?’ ಹಿನ್ನೆಲೆ ಸ್ವಚ್ಛ ಇರುತ್ತದೆ, ನಿಜ. ಆದರೆ ಪ್ರತಿಕಾಯದ ಬುಡ ಹಿಡಿಯುವ ಮ್ಯಾಕ್ರೋಫೇಜ್‌ಗಳ ಎಫ್‌ಸಿ ಗ್ರಾಹಕಗಳು ಮಾಮೂಲಿ ಇಲಿಯಲ್ಲಿ ಅದರದೇ ಐಜಿಜಿಯಿಂದ ಭರ್ತಿಯಾಗಿರುತ್ತವೆ, ಇಲ್ಲಿ ಖಾಲಿ. ಕೊಟ್ಟ ಔಷಧವನ್ನು ಗುಲ್ಮ, ಮಜ್ಜೆಯಲ್ಲಿ ಹಿಡಿದುಕೊಂಡುಬಿಡುತ್ತವೆ, ಗಡ್ಡೆಗೆ ತಲುಪುವುದು ಕಡಿಮೆ. ಪ್ರಮಾಣ ಕಡಿಮೆ ಇದ್ದಷ್ಟೂ ನಷ್ಟ ಹೆಚ್ಚು. ಸಂಬಂಧವಿಲ್ಲದ ಐಜಿಜಿಯನ್ನು ಮೊದಲು ಕೊಟ್ಟು ಆ ಜಾಗ ತುಂಬಿಸಿಟ್ಟು ಹೋಲಿಸಿ ನೋಡಬೇಕು.

‘ನಮ್ಮ ಕಾಲೇಜಿನಲ್ಲಿ ಇದನ್ನು ಮಾಡಬಹುದೇ?’ ಇಲಿ ಸಾಕುವುದಾದರೆ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿ, ಜೀನ್ ಬದಲಾದ ಪ್ರಾಣಿಯಾದ್ದರಿಂದ ಜೈವಿಕ ಸುರಕ್ಷತಾ ಸಮಿತಿ, ಮನುಷ್ಯರ ರಕ್ತ ಬಳಸಿದರೆ ಮಾನವ ನೈತಿಕ ಸಮಿತಿ, ಮೂರರ ಒಪ್ಪಿಗೆಯೂ ಬೇಕು. ಎಲೈಸಾ ಭಾಗ ಮಾತ್ರ ಕಲಿಯಲು ಇಲಿಮನೆ ಬೇಡ. ಇಲಿಮನೆ ಇರುವ ಸಂಸ್ಥೆಯ ಜೊತೆ ಒಪ್ಪಂದವಾದರೆ ಸೀರಂ ಐಸ್‌ನಲ್ಲಿ ಬರುತ್ತದೆ. 25 ಗ್ರಾಂ ಇಲಿಯಿಂದ ಒಂದು ಸಲಕ್ಕೆ ತೆಗೆಯಬಹುದಾದ ರಕ್ತ 150 ಮೈಕ್ರೋಲೀಟರ್ ಆಸುಪಾಸು, ಸೀರಂ ಅದರ ಅರ್ಧಕ್ಕಿಂತ ಕಡಿಮೆ. ಬಂದ ಕೂಡಲೇ 10 ಮೈಕ್ರೋಲೀಟರಿನ ಪಾಲು ಮಾಡಿ ಮೈನಸ್ 20ರಲ್ಲಿಡಿ, ಒಮ್ಮೆ ಕರಗಿಸಿದ ಪಾಲನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ಶೀಶೆಯ ಮೇಲೆ ಇಲಿಯ ಸಂಖ್ಯೆಯ ಜೊತೆ ಜೀನ್, ತಳಿ, ವಯಸ್ಸು, ತಾಯಿಯ ಜೀನ್ ನಾಲ್ಕೂ ಬರೆದಿಲ್ಲದಿದ್ದರೆ ಪ್ಲೇಟು ಹಾಕುವ ಮೊದಲು ಕಳಿಸಿದವರಿಗೆ ಫೋನ್ ಮಾಡಿ ಕೇಳಿ.